ಸೋರುವ ಟ್ಯಾಂಕಿಗೆ ಕಾದ ಕಬ್ಬಿಣ ಸಲ್ಲದು



ಚಿಕ್ಕಯ್ಯನಛತ್ರದ ಸುತ್ತಿನ ಗದ್ದೆ ತೋಟಗಳಲ್ಲಿ ಈಗ ಕಳೆ ಕತ್ತರಿಸುವ ಯಂತ್ರ, ಬೆನ್ನಿಗೆ ಹೊರುವ ಪವರ್ ಸ್ಪ್ರೇಯರುಗಳ ಸದ್ದು ಸಾಮಾನ್ಯವಾಗಿದೆ. ಇವುಗಳ ಪೆಟ್ರೋಲ್ ಟ್ಯಾಂಕು ಬಹುಮಟ್ಟಿಗೆ ಪ್ಲಾಸ್ಟಿಕ್ಕಿನದು. ಅದು ಬಿರುಕು ಬಿಟ್ಟಾಗ ಕಬ್ಬಿಣದ ಸಲಾಕೆಯನ್ನು ಕಾಯಿಸಿ, ಬಿರುಕಿನ ಮೇಲೆ ಎಳೆದು ಕರಗಿಸಿ ಮುಚ್ಚಲು ಕೆಲವರು ಹೊರಡುತ್ತಾರೆ. ಕೊಡ, ಬಕೆಟ್ಟುಗಳಿಗೆ ಒಪ್ಪುವ ಈ ವಿದ್ಯೆ ಇಂಧನದ ಟ್ಯಾಂಕಿಗೆ ಸರ್ವಥಾ ಸಲ್ಲದೆಂಬುದು ನನ್ನ ದೃಢವಾದ ಅಭಿಪ್ರಾಯ.

"ಖಾಲಿ ಮಾಡಿದ್ದೀವಲ್ಲ ಮೇಷ್ಟ್ರೇ" ಎನ್ನುವವರುಂಟು. ಅಪಾಯವಿರುವುದು ಆ ಖಾಲಿ ಜಾಗದಲ್ಲಿಯೇ. ಗಾಳಿಯಲ್ಲಿ ಪೆಟ್ರೋಲಿನ ಆವಿ ಸುಮಾರು ಶೇಕಡಾ 1.4ರಿಂದ 7.6ರಷ್ಟು ಬೆರೆತರೆ ಒಂದು ಕಿಡಿಗೆ ಸಿಡಿಯುತ್ತದೆ. ಒಂದು ಲೀಟರಿನ ಟ್ಯಾಂಕಿಗೆ ಎರಡು ಹನಿ ಉಳಿದಿದ್ದರೂ ಸಾಕು. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಎಡೆಯಿಲ್ಲ. ಬರಿದಾದುದರಲ್ಲಿ ಎರಡೂ ಕೂಡಿರುತ್ತವೆ. ತೊಳೆದರೂ ಪೂರ್ಣ ಭರವಸೆಯಿಲ್ಲ, ಏಕೆಂದರೆ ಪಾಲಿಥೀನು ಪೆಟ್ರೋಲನ್ನು ತನ್ನೊಳಗೆ ಹೀರಿಕೊಂಡಿದ್ದು, ಬಿಸಿ ತಾಗಿದಾಗ ಮತ್ತೆ ಆವಿಯನ್ನು ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರವಾದುದರಿಂದ ನೆಲದುದ್ದಕ್ಕೂ ಹರಿದು ದೂರದ ಒಲೆಯನ್ನೂ ಮುಟ್ಟಬಲ್ಲದು.

ಅಂಟಿನ ಮಾತೂ ಅಷ್ಟೆ. ಪಾಲಿಥೀನಿನ ಮೈ ಮೇಣದಂತೆ ಜಾರು. ಎಂ-ಸೀಲ್‌ನಂಥವು ಕೆಲವು ದಿನ ನಿಂತಂತೆ ತೋರಿ, ಯಂತ್ರದ ನಡುಕಕ್ಕೆ ಸಿಪ್ಪೆಯಂತೆ ಕಳಚಿಕೊಳ್ಳುತ್ತವೆ. ನಮ್ಮ ಮೆಕ್ಯಾನಿಕ್ಕುಗಳು ಸೋರುವೆಡೆಗೆ ಬಟ್ಟೆ ಸೋಪನ್ನು ತಿಕ್ಕುವುದುಂಟು. ಸೋಪು ಪೆಟ್ರೋಲಿನಲ್ಲಿ ಕರಗದೆಂಬ ತಿಳಿವಳಿಕೆ ಅದರ ಹಿಂದಿದೆ, ಜಾಣತನವೇ ಸರಿ! ಆದರೆ ಅದು ಟ್ಯಾಂಕನ್ನು ಬರಿದು ಮಾಡುವವರೆಗಿನ ಉಪಾಯ, ಅಷ್ಟೇ.

ಹಾಗಾದರೆ ಮಾಡಬೇಕಾದುದೇನು? ಎಂಜಿನ್ ಆರಿಸಿ, ತಣಿದ ಮೇಲೆ, ಒಲೆ ಬೀಡಿಗಳಿಂದ ದೂರ ಬಯಲಿಗೆ ತಂದು, ಪೆಟ್ರೋಲನ್ನು ಮುಚ್ಚಳವಿರುವ ಕ್ಯಾನಿಗೆ ಇಳಿಸಿರಿ. (ಕುಡಿಯುವ ನೀರಿನ ಬಾಟಲಿಗೆ ಬೇಡ, ಮನೆಯಲ್ಲಿ ಮಕ್ಕಳಿರುತ್ತಾರೆ.) ಬಳಿಕ ಒರೆಸಿ ನೋಡಿರಿ. ಎಷ್ಟೋ ಸಲ ಸೋರುವುದು ಟ್ಯಾಂಕಲ್ಲ. ಪೈಪು ಒಳಹೋಗುವಲ್ಲಿನ ರಬ್ಬರು ಗಟ್ಟಿಯಾಗಿ ಬಿರಿದಿರುತ್ತದೆ. ಎಥನಾಲ್ ಬೆರೆತ ಇಂದಿನ ಪೆಟ್ರೋಲಿಗೆ ಹಳೆಯ ರಬ್ಬರು ಬೇಗ ಕೆಡಬಹುದು. ಆ ರಬ್ಬರು, ಪೈಪುಗಳನ್ನು ಬದಲಿಸಿದರೆ ಕೆಲಸ ಮುಗಿಯಿತು. ಟ್ಯಾಂಕೇ ಬಿರಿದಿದ್ದರೆ ಅದೇ ಮಾದರಿಯ ಹೊಸದನ್ನು ತಂದು ಹಾಕಿಸುವುದೊಂದೇ ದಾರಿ. ನಂಜನಗೂಡಿಗೆ ಹೋಗಿಬರುವ ಅರ್ಧ ದಿನ ದಂಡವಾಗುತ್ತದೆಂದು ಗೊಣಗುವವರನ್ನು ನಾನು ಒಪ್ಪಲಾರೆ.

ಹಳೆಯದನ್ನು ಮುಚ್ಚಳ ತೆಗೆದು ಬಯಲಿನಲ್ಲಿ ಆರಲು ಬಿಟ್ಟು, ಅನಂತರ ಗುಜರಿಗೆ ಕೊಡಿರಿ. ಬಚ್ಚಲ ಒಲೆಗೆ ಮಾತ್ರ ಹಾಕದಿರಿ.