ಮರಿ ಬಿಟ್ಟರೆ ಹೊಳೆ ಉಳಿಯುವುದಿಲ್ಲ

ಹೊಳೆಯಲ್ಲಿ ಮೀನು ಕಡಿಮೆಯಾಗಿದೆ ಎಂದು ಯಾರಾದರೂ ಬಾಯಿ ಬಿಟ್ಟರೆ ಸಾಕು, ಇಲಾಖೆಯವರಿಗೂ ಜನಪ್ರತಿನಿಧಿಗಳಿಗೂ ಪ್ರವಾಸೋದ್ಯಮದವರಿಗೂ ತೋಚುವುದು ಒಂದೇ ಪರಿಹಾರ: ಮರಿ ಬಿಡಿ. ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲ ಬಿಚ್ಚಿ ಮರಿಗಳನ್ನು ನೀರಿಗೆ ಸುರಿಯುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ, ಮತ್ಸ್ಯಸಂಪತ್ತು ಹೆಚ್ಚಿತು ಎಂದು ಹೇಳಿಕೆ ಕೊಟ್ಟು ಹೋಗುತ್ತಾರೆ. ಕೊಳ್ಳೇಗಾಲ, ಹನೂರು, ಯಳಂದೂರಿನವರು ಇನ್ನಾದರೂ ಅವರನ್ನು ತಡೆದು ಕೇಳಬೇಕು. ಬಿಟ್ಟದ್ದು ಯಾವ ಮೀನು? ಅದು ಯಾವ ಹೊಳೆಯದು?

ನಮ್ಮ ಕಾವೇರಿಗೆ ಅದರದೇ ಆದ ಮೀನೊಂದಿದೆ. ಗೂನು ಬೆನ್ನಿನ ಮಹಶೀರ್. ತಲೆಯ ಹಿಂದಿನಿಂದಲೇ ಏಳುವ ಬೆನ್ನು, ಕಿತ್ತಳೆ ಬಣ್ಣದ ಈಜುರೆಕ್ಕೆ, ಅಂಗೈಯಗಲದ ಹುರುಪೆ, ಏಡಿಯ ಚಿಪ್ಪನ್ನೂ ಅರೆದು ನುಂಗುವ ಗಂಟಲ ಹಲ್ಲು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳಕ್ಕೆ ಹಿಡಿದದ್ದು 120 ಪೌಂಡ್, ಎಂದರೆ ಸುಮಾರು 54 ಕಿಲೊ ತೂಗಿತ್ತು. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಈ ಮೀನು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಇಷ್ಟು ದೊಡ್ಡ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾದದ್ದು 2018ರಲ್ಲಿ. ಪಾಂಬಾರ್ ಹೊಳೆಯ ಮರಿಗಳನ್ನು ನೋಡಿ 2007ರಲ್ಲಿ ಕೇರಳದ ವಿಜ್ಞಾನಿಗಳು ಟಾರ್ ರೆಮಾದೇವಿ ಎಂದು ಹೆಸರಿಟ್ಟಿದ್ದ ಮೀನೇ ಇದು ಎಂದು ಆಗ ತಿಳಿಯಿತು. 2018ರಲ್ಲೇ ಅದು ಅಳಿವಿನ ಅಂಚಿನ ಜೀವಿಗಳ ಕೆಂಪು ಪಟ್ಟಿಯಲ್ಲಿ, ನಿಸರ್ಗದಿಂದ ಅಳಿಯುವುದಕ್ಕೆ ಮುಂಚಿನ ಕೊನೆಯ ಮೆಟ್ಟಿಲಿಗೂ ಬಂತು.

ಹಾಗಾದರೆ ಇಷ್ಟು ವರ್ಷ ‘ಮಹಶೀರ್ ಸಂರಕ್ಷಣೆ’ ಎಂದು ಬಿಟ್ಟದ್ದು ಏನನ್ನು? ನೀಲಿ ರೆಕ್ಕೆಯ ಮಹಶೀರನ್ನು, ಕೃಷ್ಣಾ ಕೊಳ್ಳದ ಮೀನನ್ನು. ಲೋಣಾವಳದ ಟಾಟಾ ಮರಿ ಕೇಂದ್ರದಲ್ಲಿ ಎಪ್ಪತ್ತರ ದಶಕದಿಂದ ಸಾಕಿ ದೇಶಕ್ಕೆಲ್ಲ ಹಂಚಿದ ಮೀನದು. ಅದನ್ನು ತಂದು ಕಾವೇರಿಗೆ ಸುರಿದರು. ಫಲ ಏನಾಯಿತು ಎಂಬುದಕ್ಕೆ ಲೆಕ್ಕ ಇದೆ. ಗಾಲಿಬೋರೆಯ ಗಾಳದ ಶಿಬಿರದಲ್ಲಿ 1998ರಿಂದ 2012ರವರೆಗೆ 23,620 ಗಂಟೆ ಗಾಳ ಹಾಕಿ ಹಿಡಿದ 6,161 ಮಹಶೀರ್‌ಗಳ ದಾಖಲೆಯನ್ನು ವಿಜ್ಞಾನಿಗಳು ಜಾಲಾಡಿದರು. ಮೀನಿನ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿತ್ತು, ಸರಾಸರಿ ತೂಕ ಇಳಿದಿತ್ತು. ಏರಿದ್ದು ನೀಲಿ ರೆಕ್ಕೆಯದು. ಗೂನು ಬೆನ್ನಿನದು ಅಪರೂಪಕ್ಕೊಂದು ಸಿಕ್ಕರೆ ಅದು ಮುದಿ ಮೀನು. 6,161 ಎಂಬ ಸಂಖ್ಯೆ ತೋರಿಸಿ ಯಾರಾದರೂ ಹೊಳೆ ತುಂಬಿದೆ ಎಂದರೆ ನಂಬಬೇಡಿ. ಮನೆಯವರು ಸತ್ತು ಬಾಡಿಗೆಯವರು ಬಂದು ತುಂಬಿಕೊಂಡ ಮನೆ ಅದು.

ಈಗ ಕೆಲವರು ಗಾಳದ ಶಿಬಿರಗಳನ್ನು ಮತ್ತೆ ತೆರೆಯಿರಿ, ಮೀನನ್ನು ಕಾಪಾಡಿದವರೇ ನಾವು ಎಂದು ಹೇಳಿಕೊಂಡು ಓಡಾಡುತ್ತಿದ್ದಾರೆ. ಅವರ ಶಿಬಿರದ್ದೇ ದಾಖಲೆ ಪುಸ್ತಕ ಅವರ ವಿರುದ್ಧ ಸಾಕ್ಷಿ ಹೇಳುತ್ತಿದೆ. ಅವರ ಕಣ್ಣೆದುರೇ ನಮ್ಮ ಮೀನು ಕರಗಿತು.

ಮಹಶೀರ್ ಕೆರೆಯ ಗೆಂಡೆಯಲ್ಲ. ನಿಧಾನಕ್ಕೆ ಬೆಳೆಯುತ್ತದೆ, ಬಹುಕಾಲ ಬಾಳುತ್ತದೆ. ಮುಂಗಾರಿನ ನೀರು ಏರಿದಾಗ ಪ್ರವಾಹಕ್ಕೆದುರಾಗಿ ಈಜಿ, ಕಲ್ಲು-ಜಲ್ಲಿಯ ನಡುವೆ ಹರಿಯುವ ತಿಳಿನೀರಿನಲ್ಲಿ ಮೊಟ್ಟೆಯಿಡುತ್ತದೆ. ದೊಡ್ಡ ಮೀನುಗಳಲ್ಲಿ ಹೆಚ್ಚಿನವು ಹೆಣ್ಣು. ದೊಡ್ಡದೊಂದು ಹೆಣ್ಣು ಹೋದರೆ ಅದರ ಜಾಗವನ್ನು ನೂರು ಸಣ್ಣ ಮೀನು ತುಂಬಲಾರವು. ಆ ಹೆಣ್ಣಿಗೆ ಬೇಕಾದದ್ದು ಹರಿವು. ಚೀಲದ ಮರಿ ಹರಿವನ್ನು ತರುವುದಿಲ್ಲ.

ಹರಿವನ್ನು ಕೊಂಡೊಯ್ದವರು ಯಾರು? 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಪಕ್ಕದ ಹಳ್ಳಿಗಳನ್ನು ಬಿಟ್ಟು ನೇರವಾಗಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಅಂದಿನಿಂದ ಇಂದಿನವರೆಗೆ ಈ ಸೀಮೆಗೆ ಇದೇ ನ್ಯಾಯ. ಬೆಂಗಳೂರು ತೊರೆಕಾಡನಹಳ್ಳಿಯಿಂದ ಕಾವೇರಿ ನೀರೆತ್ತುತ್ತದೆ. 2024ರ ಅಕ್ಟೋಬರಿನಲ್ಲಿ ಐದನೇ ಹಂತದ ಹೆಸರಿನಲ್ಲಿ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ಸೇರಿತು. ಕುಡಿದು ಉಳಿದ ಕೊಳಕನ್ನು ಅದೇ ಬೆಂಗಳೂರು ವೃಷಭಾವತಿ, ಅರ್ಕಾವತಿಯ ಮೂಲಕ ಸಂಗಮದಲ್ಲಿ ನಮ್ಮ ಮೀನಿನ ಮಡುವಿಗೇ ಬಿಡುತ್ತದೆ. ಕೆಆರ್‌ಎಸ್, ಕಬಿನಿ ತುಂಬಿದಾಗ ಮುಳುಗುವುದು ಕೊಳ್ಳೇಗಾಲದ ದಾಸನಪುರ, ಮುಳ್ಳೂರು, ಹಳೇ ಹಂಪಾಪುರ. ಅಟ್ಟುಗೂಳಿಪುರದಲ್ಲಿ ಅಣೆಕಟ್ಟಿಗೆ ಸಿಕ್ಕ ಸುವರ್ಣಾವತಿಯಲ್ಲಿ, ಯಳಂದೂರು ಸೇತುವೆಯ ಕೆಳಗೆ, ಮಳೆಗಾಲ ಕಳೆದ ಮೇಲೆ ಹರಿವು ಎಲ್ಲಿದೆ?

ಇಷ್ಟಾದ ಮೇಲೂ ಉಳಿದಿರುವುದು ಶಿವನಸಮುದ್ರದ ಕೆಳಗಿನ ಕಣಿವೆ. ಒಂದು ದಡದಲ್ಲಿ ಹನೂರಿನ ಕಾಡು, 1987ರಿಂದ ಕಾವೇರಿ ವನ್ಯಧಾಮ. ಮೆಟ್ಟೂರಿನ ಹಿನ್ನೀರು ಸಿಗುವವರೆಗೆ ದೊಡ್ಡ ಅಣೆಕಟ್ಟಿಲ್ಲ. ಅಲ್ಲಿಗೇ ಮೇಕೆದಾಟು ಅಣೆಕಟ್ಟು ಬೇಕಂತೆ. ಬೆಂಗಳೂರಿನ ಕುಡಿಯುವ ನೀರಿಗೆಂದು ಹೇಳುವುದು 4.75 ಟಿಎಂಸಿ, ತಡೆದು ನಿಲ್ಲಿಸುವುದು 67.16 ಟಿಎಂಸಿ. ಮುಳುಗುವುದು ಸುಮಾರು 5,000 ಹೆಕ್ಟೇರ್, ಬಹುಪಾಲು ಕಾಡು. ಅಣೆಕಟ್ಟನ್ನು ವಿರೋಧಿಸುವ ತಮಿಳುನಾಡನ್ನು ಬೈದರೆ ಕನ್ನಡಿಗ, ಮೀನಿನ ಮಾತೆತ್ತಿದರೆ ದ್ರೋಹಿ ಎಂಬ ವಾತಾವರಣ ಕಟ್ಟಿದ್ದಾರೆ. ಹನೂರಿನ ದಡದಲ್ಲಿ ನಿಂತು ಹೇಳುತ್ತೇನೆ: ಕಾವೇರಿ ನಮ್ಮದು ಎನ್ನುವವರು ಕಾವೇರಿಯದೇ ಆದ ಮೀನನ್ನು ಮುಳುಗಿಸಿದ ಮೇಲೆ ಆ ಮಾತಿಗೆ ಬೆಲೆ ಇಲ್ಲ. ಕಣಿವೆ ಕೆರೆಯಾದರೆ ಕಾಟ್ಲಾ, ರೋಹು ಬಿಡುತ್ತಾರೆ. ಅವು ಗಂಗೆಯ ಮೀನುಗಳು. ಜಿಲೇಬಿ ಮೀನು ತಾನಾಗಿಯೇ ಬರುತ್ತದೆ, ಅದು ಆಫ್ರಿಕಾದ್ದು. ಆಗಲೂ ಉತ್ಪಾದನೆ ಏರಿದೆ ಎಂಬ ಅಂಕಿ ಹೊರಬೀಳುತ್ತದೆ.

ಮೀನು ಕಡಿಮೆಯಾದಾಗಲೆಲ್ಲ ಬೆರಳು ತೋರಿಸುವುದು ಹರಿಗೋಲಿನ ಬೆಸ್ತರ ಕಡೆಗೆ. ಮಡುವಿಗೆ ಸಿಡಿಮದ್ದು ಎಸೆಯುವವರು ಬೇರೆ, ಬಲೆ ಬೀಸಿ ಬದುಕುವವರು ಬೇರೆ. ಮದ್ದು ಸಿಡಿದರೆ ಮೀನಿನ ಗಾಳಿಚೀಲ ಒಡೆಯುತ್ತದೆ, ಎಷ್ಟೋ ಮೀನು ತೇಲದೆ ತಳ ಸೇರುತ್ತವೆ, ಮರಿಯೂ ಉಳಿಯುವುದಿಲ್ಲ. ಇದನ್ನು ಬೆಸ್ತರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಕಲ್ಲು ಗಣಿಗಳ ಸೀಮೆಯಲ್ಲಿ ಸಿಡಿಮದ್ದು ಯಾವ ಗೋದಾಮಿನಿಂದ ಹೊರಬಿತ್ತು ಎಂದು ಹುಡುಕುವುದು ಪೊಲೀಸರಿಗೆ ಕಷ್ಟದ ಕೆಲಸವಲ್ಲ. ಹುಡುಕಲಿ.

ಶಿವನಸಮುದ್ರದಿಂದ ಹೊಗೇನಕಲ್‌ವರೆಗೆ ಹೊರಗಿನ ಯಾವ ಮೀನಿನ ಒಂದು ಮರಿಯೂ ಬೀಳಬಾರದು, ಹಾರಂಗಿ ಮರಿ ಕೇಂದ್ರದ ಮಹಶೀರ್ ಕೂಡ. ಮೋಯಾರ್ ಹೊಳೆಯಲ್ಲಿ ಇನ್ನೂ ಉಳಿದಿರುವ ಗೂನು ಬೆನ್ನಿನ ಮೀನಿಗಾಗಿ ಕರ್ನಾಟಕ, ತಮಿಳುನಾಡು, ಕೇರಳ ಒಟ್ಟಿಗೆ ಕೂರಬೇಕು. ಕಾವೇರಿಯ ಮಡುಗಳಲ್ಲಿ ಎಷ್ಟು ಉಳಿದಿವೆ ಎಂದು ಎಣಿಸುವ ಕೆಲಸವನ್ನು ಮಡುಗಳ ಹೆಸರು ಬಲ್ಲ ಬೆಸ್ತರಿಗೆ ಕೂಲಿ ಕೊಟ್ಟು ಮಾಡಿಸಬೇಕು. ಆ ಎಣಿಕೆ ಮುಗಿಯುವವರೆಗೆ ಮೇಕೆದಾಟಿನ ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಕೂಡದು.