ತಂತುವಾದವು ಸಿದ್ಧಾಂತವೆ?

ಭೌತಶಾಸ್ತ್ರದ ಈಚಿನ ವಿಚಾರಗಳನ್ನು ಕನ್ನಡದಲ್ಲಿ ವಿವರಿಸುವವರು ‘ತಂತು ಸಿದ್ಧಾಂತ’ವೆಂಬ ಹೆಸರನ್ನು ನಿಸ್ಸಂಕೋಚವಾಗಿ ಬಳಸುತ್ತಿರುವರು. ಪೂರ್ವಪಕ್ಷವನ್ನು ನಿರಾಕರಿಸಿ ಪ್ರಮಾಣಗಳಿಂದ ನಿರ್ಣಯಿಸಿದ ಅರ್ಥಕ್ಕೆ ಸಿದ್ಧಾಂತವೆಂದು ಭಾರತೀಯ ಶಾಸ್ತ್ರಕಾರರು ಹೆಸರಿಟ್ಟರು. ಭೂಗರ್ಭದ ಶಿಲೆಗಳೂ ಜೀವಕೋಶಗಳೂ ಒಂದೇ ಸಮನೆ ಸಾಕ್ಷಿ ನುಡಿಯುತ್ತಿರುವ ಡಾರ್ವಿನ್ನನ ಮತಕ್ಕೆ ಕನ್ನಡದಲ್ಲಿ ‘ವಿಕಾಸವಾದ’ವೆಂಬ ಹೆಸರೂ ಉಂಟು, ಪ್ರಯೋಗಶಾಲೆಯಿಂದ ಒಂದು ಸಾಕ್ಷಿಯನ್ನೂ ತರಲಾರದ ಮತಕ್ಕೆ ಸಿದ್ಧಾಂತಪದವಿ! ಇದಾವ ನ್ಯಾಯವು?

ಈ ಮತದ ಜಾತಕವನ್ನು ನೋಡಬೇಕು. 1968ರಲ್ಲಿ ಇಟಲಿಯ ವೆನೆಜಿಯಾನೊ ಎಂಬ ತರುಣ ವಿದ್ವಾಂಸರು, ಪರಮಾಣುಬೀಜದೊಳಗಣ ಪ್ರಬಲಶಕ್ತಿಯಿಂದ ಕಣಗಳು ಚದರುವ ಬಗೆಯನ್ನು ವಿವರಿಸಲು ಆಯ್ಲರನ ಹಳೆಯದೊಂದು ಗಣಿತಸೂತ್ರವನ್ನು ಅನ್ವಯಿಸಿದರು. ಆ ಸೂತ್ರವು ಒಪ್ಪುವುದು ಬಿಂದುಗಳಿಗಲ್ಲ, ಕಂಪಿಸುವ ತಂತುಗಳಿಗೆ ಎಂದು ನಂಬು, ನೀಲ್ಸನ್, ಸಸ್ಕಿಂಡ್ ಇವರು ಬೇರೆಬೇರೆಯಾಗಿ ಕಂಡರು. ಆದರೆ ಆ ತಂತುಗಳಿಗೆ 26 ಆಯಾಮಗಳ ಲೋಕವು ಬೇಕಾಯಿತು. ತಿದ್ದಿಕೊಂಡ ಮೇಲೆ 10. ಅಷ್ಟರಲ್ಲಿ, 1973ರಲ್ಲಿ, ಕ್ವಾರ್ಕುಗಳ ಶಾಸ್ತ್ರವು ನೆಲೆಗೊಂಡು ಪ್ರಬಲಶಕ್ತಿಗೆ ತಂತುವಿನ ಅಗತ್ಯವೇ ಇಲ್ಲದಂತಾಯಿತು.

ಅಲ್ಲಿಗೆ ಕಥೆ ಮುಗಿಯಬೇಕಾಗಿತ್ತು, ಮುಗಿಯಲಿಲ್ಲ. ಗಣಿತದಲ್ಲಿ ಬೇಡವೆಂದರೂ ತಲೆಯೆತ್ತುತ್ತಿದ್ದ, ದ್ರವ್ಯರಾಶಿಯಿಲ್ಲದ ಕಣವೊಂದನ್ನು 1974ರಲ್ಲಿ ಶೆರ್ಕ್, ಶ್ವಾರ್ಜ್ ಇವರು ಗುರುತ್ವಾಕರ್ಷಣದ ಕಣವೆಂದು ಸಾರಿದರು. ದೋಷವೇ ಗುಣವಾಯಿತು! 1984ರಲ್ಲಿ ಗ್ರೀನ್, ಶ್ವಾರ್ಜ್ ಇವರು ಗಣಿತದ ದೊಡ್ಡದೊಂದು ಅಸಂಗತಿಯನ್ನು ಪರಿಹರಿಸಲು, ವಿದ್ವಾಂಸರ ದಂಡೇ ಇತ್ತ ತಿರುಗಿತು. ಒಂದೇ ಮತವು ಐದು ರೂಪಗಳಾಗಿ ತೋರಿತು. ಐದೂ ಒಂದೇ ಮೂಲದ ಮುಖಗಳೆಂದು 1995ರಲ್ಲಿ ವಿಟನ್ನರು ಊಹಿಸಿದರು. ಆ ಮೂಲದ ಪೂರ್ಣಸ್ವರೂಪವನ್ನು ಇಂದಿಗೂ ಯಾರೂ ಬರೆದು ತೋರಿಸಿಲ್ಲ.

1996ರಲ್ಲಿ ಸ್ಟ್ರೋಮಿಂಜರ್, ವಾಫ ಇವರು ಒಂದು ಬಗೆಯ ಕೃಷ್ಣರಂಧ್ರಕ್ಕೆ ಮಾಡಿದ ಗಣನೆಯು ಹಾಕಿಂಗರ ಸೂತ್ರದೊಡನೆ ಕೂಡಿಬಂದಿತಲ್ಲವೆ ಎನ್ನಬಹುದು. ಮೆಚ್ಚತಕ್ಕದ್ದೇ. ಆದರೆ ಅಲ್ಲಿ ತಾಳೆಯಾದದ್ದು ಲೆಕ್ಕಕ್ಕೆ ಲೆಕ್ಕ, ಲೆಕ್ಕಕ್ಕೆ ಲೋಕವಲ್ಲ. ಐನ್‌ಸ್ಟೈನನ ಗುರುತ್ವತರಂಗಗಳೂ 1916ರಿಂದ 2015ರ ವರೆಗೆ ಕಾಯಬೇಕಾಗಲಿಲ್ಲವೆ ಎಂಬುದು ಇನ್ನೊಂದು ಸಮಾಧಾನ. ಕಾದವು, ನಿಜ, ಆದರೆ ಆ ತರಂಗಗಳನ್ನು ಹಡೆದ ಮತವು ಹುಟ್ಟಿದ ನಾಲ್ಕೇ ವರ್ಷಗಳಲ್ಲಿ, 1919ರ ಸೂರ್ಯಗ್ರಹಣದಂದು, ಪರೀಕ್ಷೆಗೆ ನಿಂತು ಗೆದ್ದಿತ್ತು. ತಂತುವಾದವಾದರೋ, ಮಿಕ್ಕ ಆಯಾಮಗಳನ್ನು ಮಡಿಸುವ ಬಗೆಗಳು 1ರ ಮುಂದೆ 500 ಸೊನ್ನೆಗಳನ್ನಿಟ್ಟಷ್ಟೆಂದು ಎಣಿಸಿ, ಒಂದೊಂದಕ್ಕೂ ಒಂದೊಂದು ಜಗತ್ತೆನ್ನುವುದು. ಗಂಡೆಂದೂ ಹೆಣ್ಣೆಂದೂ ಎರಡು ಚೀಟಿಗಳನ್ನು ಬರೆದಿಟ್ಟುಕೊಂಡ ಜೋಯಿಸನು ಸೋಲುವುದುಂಟೆ? ಜಿನೀವಾದ ಮಹಾಯಂತ್ರದಲ್ಲಿ 2012ರಲ್ಲಿ ಹಿಗ್ಸ್ ಕಣವು ದೊರೆಯಿತು. ತಂತುವಾದಿಗಳು ನಚ್ಚಿದ್ದ ಜೋಡಿಕಣಗಳು ದೊರೆಯಲಿಲ್ಲ. ಅವು ಇನ್ನೂ ಭಾರವಾದವೆಂದು ಹೇಳಿ ವಾದವು ಉಳಿದುಕೊಂಡಿತು.

ಅಭ್ಯಾಸವೇ ಕೂಡದೆಂದಲ್ಲ. ಇದರಿಂದ ಗಣಿತಕ್ಕಾದ ಲಾಭವು ಅಲ್ಪವಲ್ಲ. ಬೆಂಗಳೂರಿನಲ್ಲಿಯೂ ಸಮರ್ಥರು ಇದರಲ್ಲಿ ತೊಡಗಿರುವರು. ಆದರೆ ಕನ್ನಡದಲ್ಲಿ ಓದಿ ಕಲಿಯುವ ಮಕ್ಕಳಿಗೆ ಅಳೆದು ತಿಳಿದದ್ದಾವುದು, ಊಹಿಸಿದ್ದಾವುದು ಎಂಬ ಭೇದವು ಹೆಸರಿನಲ್ಲಿಯೇ ಅಳಿಸಿಹೋಗುತ್ತಿದೆ. ‘ತಂತುವಾದ’ವೆಂಬ ಶಬ್ದವು ಸಿದ್ಧವಾಗಿದೆ. ಪಠ್ಯಪುಸ್ತಕಗಳನ್ನು ಬರೆಯುವವರೂ ಪತ್ರಿಕೆಗಳವರೂ ಪ್ರಯೋಗದ ತೀರ್ಪು ಬರುವ ವರೆಗೆ ಅದನ್ನೇ ಬಳಸತಕ್ಕದ್ದು.