ಮನೆಮಾತು: ಚಿಕ್ಕಮ್ಮ ಕೇಳಿದ್ದೇನು?

ಹೋದ ಸಂಚಿಕೆಯಲ್ಲಿ ಮಾವಿನ ಮಿಡಿಯ ವಿಷಯ ಬರೆದವನು ಈ ಸಲ ವೃದ್ಧಾಶ್ರಮಕ್ಕೆ ಬಂದು ನಿಂತನಲ್ಲ ಎಂದು ವಾಚಕರಲ್ಲಿ ಕೆಲವರಿಗೆ ಅನ್ನಿಸೀತು. ಏನು ಮಾಡಲಿ? ಮಿಡಿ ಹಾಕುವುದನ್ನು ನಮ್ಮ ಮನೆಗೆ ಕಲಿಸಿಕೊಟ್ಟ ಚಿಕ್ಕಮ್ಮನೇ ಈಗ ವೃದ್ಧಾಶ್ರಮದಲ್ಲಿದ್ದಾರೆ. ಅವರನ್ನು ಅಲ್ಲಿಗೆ ಸೇರಿಸಿದವನು ನಾನೇ. ಇದನ್ನು ಬರೆಯದೆ ಬೇರೊಂದನ್ನು ಬರೆಯಲು ಕೈ ಏಳಲಿಲ್ಲ.

ಚಿಕ್ಕಮ್ಮ ತೀರ್ಥಹಳ್ಳಿಯ ಕಡೆಯವರು. 1961ರಲ್ಲಿ ಮದುವೆಯಾಗಿ ಮಾಟುಂಗಕ್ಕೆ ಬಂದಾಗ ಅವರಿಗೆ ಇಪ್ಪತ್ತು ವರ್ಷ. ಕನ್ನಡವಲ್ಲದೆ ಮತ್ತೊಂದು ಮಾತು ಬಾರದು. ಚಿಕ್ಕಪ್ಪನಿಗೆ ರೈಲ್ವೆಯ ವರ್ಕ್‌ಶಾಪಿನಲ್ಲಿ ಕೆಲಸ. ಐದು ವರ್ಷ ತುಂಬುವುದರೊಳಗೆ ಮಾರ್ಕೆಟ್ಟಿನ ಭಾಜಿಯವಳ ಸಂಗಡ ಮರಾಠಿಯಲ್ಲಿ ಜಗಳವಾಡಿ ಕೊತ್ತಂಬರಿಯ ಕಟ್ಟೊಂದನ್ನು ಪುಕ್ಕಟೆಯಾಗಿ ಕಿತ್ತುಕೊಂಡು ಬರುವಷ್ಟು ಪಳಗಿದ್ದರು. ಹಿಂದಿಯೂ ಬಂತು. ಎದುರು ಮನೆಯ ತಮಿಳರ ಸಹವಾಸದಿಂದ ಅರೆಬರೆ ತಮಿಳೂ ಬಂತು. ಈಗ ಎಂಬತ್ತು ದಾಟಿದೆ. ಚಿಕ್ಕಪ್ಪ ಇಲ್ಲ. ಮಗ, ನನಗೆ ತಮ್ಮನಾಗಬೇಕು, ಮೆಲ್ಬೋರ್ನಿನಲ್ಲಿದ್ದಾನೆ. ದಿನಾ ಫೋನು ಮಾಡುತ್ತಾನೆ, ಹಣ ಕಳಿಸುತ್ತಾನೆ, ಅವನ ಮೇಲೆ ತಪ್ಪು ಹೊರಿಸಲಾರೆ. ಮೂರು ವರ್ಷದ ಹಿಂದೆ ಚಿಕ್ಕಮ್ಮನಿಗೆ ಮರೆವು ಮೊದಲಾಯಿತು. ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ನಮ್ಮದು ಲಿಫ್ಟಿಲ್ಲದ ಹಳೆಯ ಕಟ್ಟಡದ ಮೂರನೆಯ ಮಹಡಿ. ನಾನೂ ನನ್ನ ಹೆಂಡತಿಯೂ ಎಪ್ಪತ್ತರ ಅಂಚಿನವರು. ಅವರನ್ನು ಎತ್ತಿ ಕೂರಿಸಲು ಹೋಗಿ ಇವಳೂ ಬೆನ್ನು ಹಿಡಿದುಕೊಂಡು ಮಲಗಿದಾಗ ಬೇರೆ ದಾರಿ ಉಳಿಯಲಿಲ್ಲ.

ನಾಲ್ಕು ಜನ ಏನೆಂದಾರು ಎಂಬ ಅಂಜಿಕೆ ನಮಗೂ ಇತ್ತು. ವೃದ್ಧಾಶ್ರಮವೆಂಬುದು ನಿನ್ನೆ ಮೊನ್ನೆ ಬಂದ ಅನಿಷ್ಟವೆಂದು ಬೈಯುವವರಿದ್ದಾರೆ. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಕ್ರೈಸ್ತ ಸನ್ಯಾಸಿನಿಯರು ಗತಿಯಿಲ್ಲದ ಮುದುಕರ ಆಶ್ರಮವನ್ನು ತೆರೆದು ಒಂದು ಶತಮಾನಕ್ಕೂ ಹೆಚ್ಚಾಯಿತು. ಅದೇ ಸನ್ಯಾಸಿನಿಯರ ಮನೆ ನಮ್ಮ ಅಂಧೇರಿಯಲ್ಲೂ ಉಂಟು. ಅವರ ಪಂಥ ಹುಟ್ಟಿದ್ದು 1839ರ ಚಳಿಗಾಲದಲ್ಲಿ, ಝಾನ್ ಝುಗಾಂ ಎಂಬ ಬಡ ಫ್ರೆಂಚ್ ಹೆಂಗಸು ಕುರುಡಿಯಾದ ಮುದುಕಿಯೊಬ್ಬಳನ್ನು ಮನೆಗೆ ಕರೆತಂದು ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟಾಗ. ಸೇರಿಸಬೇಕೋ ಬೇಡವೋ ಎಂಬುದು ಆಯಾ ಮನೆಯ ಸಂಕಟ. ಅದರಲ್ಲಿ ನಾನು ನ್ಯಾಯ ಹೇಳುವುದಿಲ್ಲ. ಸೇರಿಸುವುದೆಂದಾದ ಮೇಲೆ ಅಲ್ಲಿನ ಆರೈಕೆಯನ್ನು ಅಳೆಯುವುದು ಹೇಗೆ? ಇದು ನನಗೆ ತಿಳಿದಿರಲಿಲ್ಲ. ಬೆಲೆ ತೆತ್ತವರು ಚಿಕ್ಕಮ್ಮ.

ಮೊದಲನೆಯ ಆಶ್ರಮವನ್ನು ನಾವು ನೋಡಿದ್ದು ಬೆಳಗಿನ ಹನ್ನೊಂದು ಗಂಟೆಗೆ. ಬಾಗಿಲಲ್ಲಿ ತುಳಸಿಕಟ್ಟೆ, ಒಳಗೆ ಅಮೃತಶಿಲೆಯ ನೆಲ, ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು. ಭಜನೆಯ ಕೋಣೆ, ವಾರಕ್ಕೊಮ್ಮೆ ಡಾಕ್ಟರು, ಶುದ್ಧ ಸಸ್ಯಾಹಾರ. ಮ್ಯಾನೇಜರು ಚಹಾ ಕೊಟ್ಟು ಮಾತಾಡಿದರು. ಹೆಂಡತಿ ಅಡಿಗೆಮನೆಯನ್ನು ಇಣುಕಿ ನೋಡಿ ತಲೆಯಾಡಿಸಿದಳು. ಚಿಕ್ಕಮ್ಮ ಮಲಗಬೇಕಾದ ಹಾಸಿಗೆಯ ಬಳಿ ನಾವು ಎರಡು ನಿಮಿಷ ನಿಂತಿದ್ದೆವೋ ಇಲ್ಲವೋ! ಮನೆ ಕೊಳ್ಳುವವರು ನೋಡುವಂತೆ ನೋಡಿದೆವು, ಮಲಗುವವರಂತೆ ನೋಡಲಿಲ್ಲ.

ಎರಡನೆಯ ವಾರ ಹೋದಾಗ ಮ್ಯಾನೇಜರು ನಗುತ್ತ, ನಿಮ್ಮ ಆಜಿ ದಿನವಿಡೀ ಅಂಡಾ ಅಂಡಾ ಎಂದು ಕೇಳುತ್ತಾರೆ, ನಮ್ಮಲ್ಲಿ ಮೊಟ್ಟೆ ಮಾಡುವುದಿಲ್ಲವಲ್ಲ ಎಂದರು. ನಾವೂ ನಕ್ಕೆವು. ಏಕಾದಶಿಗೆ ನೀರು ಕುಡಿಯಲೂ ಯೋಚಿಸುವ ಹೆಂಗಸು ಮೊಟ್ಟೆ ಕೇಳುವುದೆಂದರೆ! ಮರೆವು ಎಂದುಕೊಂಡೆವು. ಮುಂದಿನ ವಾರ ಒಂದು ಕಾಗದ ಮುಂದಿಟ್ಟರು: ಆಜಿಗೆ ಮೂತ್ರದ ಹಿಡಿತ ತಪ್ಪಿದೆ, ಹಗಲೂ ರಾತ್ರಿ ಡೈಪರು ಹಾಕುತ್ತೇವೆ, ಸಹಿ ಮಾಡಿ ಎಂದು. ಮಾಡಿದೆ.

ಮೂರನೆಯ ತಿಂಗಳಲ್ಲಿ ಒಂದು ದಿನ ನಾನು ಹಾಸಿಗೆಯ ಪಕ್ಕದಲ್ಲಿ ಕೂತು ಪತ್ರಿಕೆ ಓದುತ್ತಿದ್ದೆ. ಚಿಕ್ಕಮ್ಮ ಮೌಶಿಯ ಕಡೆ ಕೈ ನೀಡಿ ಕ್ಷೀಣ ಸ್ವರದಲ್ಲಿ, “ಒಂದಕ್ಕೆ... ಒಂದಕ್ಕೆ...” ಎಂದರು. ಮೌಶಿ ನನ್ನತ್ತ ತಿರುಗಿ, ನೋಡಿ, ಮತ್ತೆ ಅಂಡಾ ಎಂದಳು.

ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮನೆಗಳಲ್ಲಿ ಕೂಸಿಗೂ ಗೊತ್ತಿರುವ ಮಾತು. ಹಿಡಿತ ತಪ್ಪಿದ್ದು ಅವರಿಗಲ್ಲ. ಮೂರು ತಿಂಗಳ ಕಾಲ ಹೊತ್ತು ಹೊತ್ತಿಗೆ ಮರ್ಯಾದೆಯಾಗಿ ಕೇಳುತ್ತಲೇ ಇದ್ದರು. ಕೇಳಿದ್ದನ್ನು ತಿಳಿಯುವವರು ಆ ಮನೆಯಲ್ಲಿ ಒಬ್ಬರೂ ಇರಲಿಲ್ಲ. ತಿಳಿಯಬೇಕಾದ ನಾನು ನಕ್ಕು ಸಹಿ ಹಾಕಿದ್ದೆ.

ಅರವತ್ತು ವರ್ಷ ಮುಂಬಯಿಯಲ್ಲಿದ್ದವರಿಗೆ ಹಿಂದಿ ಬಾರದೆ ಎಂದು ಕೇಳೀರಿ. ಮರೆವಿನ ಕಾಯಿಲೆಯಲ್ಲಿ ಎಷ್ಟೋ ಜನರಿಗೆ ಆಮೇಲೆ ಕಲಿತ ಭಾಷೆ ಮೊದಲು ಜಾರುತ್ತದೆ, ತೊಟ್ಟಿಲ ಭಾಷೆ ಕೊನೆಯವರೆಗೆ ಉಳಿಯುತ್ತದೆ ಎಂದು ಆಮೇಲೆ ಡಾಕ್ಟರು ಹೇಳಿದರು. ಚಿಕ್ಕಮ್ಮನ ವಿಷಯದಲ್ಲಿ ಹಾಗೆಯೇ ಆಗಿದೆ. ತಮಿಳು ಹೋಯಿತು, ಮರಾಠಿ ಹೋಯಿತು, ಹಿಂದಿ ಹೋಯಿತು. (ನಾಲ್ಕು ಭಾಷೆಯ ನಮ್ಮ ಜನಕ್ಕೆ ಒಂದು ಸಮಾಧಾನವೂ ಉಂಟು. ಹೈದರಾಬಾದಿನಲ್ಲಿ 648 ಮರೆವಿನ ರೋಗಿಗಳನ್ನು ಪರೀಕ್ಷಿಸಿದ ವೈದ್ಯರು, ಎರಡು ಭಾಷೆ ಬಲ್ಲವರಲ್ಲಿ ಕಾಯಿಲೆ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತೆಂದು 2013ರಲ್ಲಿ ಪ್ರಕಟಿಸಿದರು.) ಹೀಗಾಗಿ ನಮ್ಮಂಥ ವಲಸೆ ಬಂದವರು ಆಶ್ರಮದಲ್ಲಿ ಕೇಳಬೇಕಾದ ಮೊದಲನೆಯ ಪ್ರಶ್ನೆ ಮೀನಿನ ತೊಟ್ಟಿಯದಲ್ಲ, ಊಟದ್ದೂ ಅಲ್ಲ. ರಾತ್ರಿ ಎರಡು ಗಂಟೆಗೆ ಇವರ ಮಾತು ತಿಳಿಯುವವರು ಯಾರಿದ್ದಾರೆ ಎಂಬುದು.

ಅದೇ ದಿನ ಹೆಂಡತಿ ಹಟ ಮಾಡಿ ಚಿಕ್ಕಮ್ಮನನ್ನು ಮಗ್ಗುಲಿಗೆ ಹೊರಳಿಸಿ ನೋಡಿದಳು. ಸೊಂಟದ ಕೆಳಗೆ ರೂಪಾಯಿಯಗಲದ ಹುಣ್ಣು. ಮಂಚದ ಕಾಲಿಗೆ ಒಂದು ಪಟ್ಟಿ ಕಟ್ಟಿತ್ತು. ಎರಡು ಗಂಟೆಗೊಮ್ಮೆ ಹೊರಳಿಸಿದ್ದಕ್ಕೆ ಅದರಲ್ಲಿ ಗುರುತು ಹಾಕಬೇಕು. ಆಗ ಮಧ್ಯಾಹ್ನ ಮೂರು ಗಂಟೆ. ಪಟ್ಟಿಯಲ್ಲಿ ರಾತ್ರಿ ಎಂಟರವರೆಗಿನ ಗುರುತುಗಳೆಲ್ಲ ಆಗಲೇ ಬಿದ್ದಿದ್ದವು!

ಈ ಹುಣ್ಣಿನ ವಿಷಯದಲ್ಲಿ ಡೊರೀನ್ ನಾರ್ಟನ್ ಎಂಬ ಇಂಗ್ಲಿಷ್ ದಾದಿಯ ಹೆಸರನ್ನು ನಾವು ನೆನೆಯಬೇಕು. ಸ್ಪಿರಿಟು, ಪೌಡರು, ಮುಲಾಮು ಎಂದು ನೂರೆಂಟನ್ನು ಉಜ್ಜುತ್ತಿದ್ದ ಕಾಲದಲ್ಲಿ, ಹೊತ್ತು ಹೊತ್ತಿಗೆ ಹೊರಳಿಸುವುದೇ ಮುಖ್ಯ ಮದ್ದು ಎಂದು ಆಕೆ 1962ರ ವರದಿಯಲ್ಲಿ ತೋರಿಸಿಕೊಟ್ಟರು. ಯಾರಿಗೆ ಹುಣ್ಣಾಗುವ ಭಯ ಹೆಚ್ಚು ಎಂದು ತಿಳಿಯಲು 20 ಅಂಕಗಳ ಲೆಕ್ಕವನ್ನೂ ಮಾಡಿದರು: ಮೈಯ ಸ್ಥಿತಿ, ಮನಸ್ಸಿನ ಸ್ಥಿತಿ, ಓಡಾಟ, ಮಗ್ಗುಲಾಗುವ ಶಕ್ತಿ, ಮಲಮೂತ್ರದ ಹಿಡಿತ, ಒಂದೊಂದಕ್ಕೆ ನಾಲ್ಕು. 14ಕ್ಕೆ ಇಳಿದರೆ ಎಚ್ಚರ. ನಿಮ್ಮವರ ಅಂಕವೆಷ್ಟು ಎಂದು ಆಶ್ರಮದಲ್ಲಿ ಕೇಳಿ ನೋಡಿ. ಬಲ್ಲವರು ಹೇಳುತ್ತಾರೆ, ಬಾರದವರ ಮುಖ ನೋಡಿದರೆ ತಿಳಿಯುತ್ತದೆ. ಅದೇ 1962ರಲ್ಲಿ ಪೀಟರ್ ಟೌನ್‌ಸೆಂಡ್ ಎಂಬ ಸಮಾಜಶಾಸ್ತ್ರಜ್ಞರು ಅಲ್ಲಿನ 173 ವೃದ್ಧಾಲಯಗಳನ್ನು ಕಂಡುಬಂದು ದೊಡ್ಡ ಪುಸ್ತಕ ಬರೆದರು. ಅವರಿಗೆ ಕಣ್ಣಿಗೆ ಹೊಡೆದದ್ದು ಗೋಡೆ ಬಣ್ಣಕ್ಕಿಂತ, ಅಲ್ಲಿದ್ದವರಿಗೆ ಒಂಟಿಯಾಗಿರಲು ಮೂಲೆಯಿಲ್ಲ, ಮಾಡಲು ಕೆಲಸವಿಲ್ಲ, ಆಯ್ದುಕೊಳ್ಳಲು ಏನೂ ಇಲ್ಲ ಎಂಬುದು.

ನಮ್ಮ ಸರಕಾರ ಏನೂ ಮಾಡಿಲ್ಲವೆ? ಮಾಡಿದೆ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾನೂನು 2007ರಲ್ಲಿ ಬಂತು. ಜಿಲ್ಲೆಗೊಂದಾದರೂ 150 ಮಂದಿ ನಿರ್ಗತಿಕರಿಗೆ ಆಶ್ರಮ ಕಟ್ಟಬಹುದೆಂದು ಅದರ 19ನೆಯ ಕಲಮು ಹೇಳುತ್ತದೆ. ಕೇಂದ್ರದ ಮಾದರಿ ನಿಯಮಗಳಲ್ಲಿ ಒಬ್ಬೊಬ್ಬರಿಗೆ ಮಲಗುವ ಜಾಗ 7.5 ಚದರ ಮೀಟರು ಇರಬೇಕೆಂದು, ನೆಲ ಜಾರಬಾರದೆಂದು ಇದೆ. ಖಾಸಗಿ ಆಶ್ರಮಗಳನ್ನೂ ನೋಂದಾಯಿಸಿ ಆರೈಕೆಗೆ ಕನಿಷ್ಠ ಮಟ್ಟ ಗೊತ್ತುಮಾಡಬೇಕೆಂಬ ತಿದ್ದುಪಡಿ ಮಸೂದೆ 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂದಿತ್ತು. 2024ರಲ್ಲಿ ಆ ಲೋಕಸಭೆ ಮುಗಿದಾಗ ಅದೂ ಬಿದ್ದುಹೋಯಿತು. ಚದರ ಮೀಟರನ್ನು ಇನ್‌ಸ್ಪೆಕ್ಟರು ಅಳೆದಾನು. ಹೊರಳಿಸಿದ್ದನ್ನು ಅಳೆಯುವವರು ಮನೆಯವರೇ. ಗೋಳು ಹೇಳಿಕೊಳ್ಳಬೇಕಾದರೆ 14567 ಎಂಬ ಹಿರಿಯರ ಸಹಾಯವಾಣಿ 2021ರಿಂದ ಇದೆ; ಬರೆದಿಟ್ಟುಕೊಳ್ಳಿ.

ಚಿಕ್ಕಮ್ಮನಿಗಾಗಿ ಎರಡನೆಯ ಮನೆ ಹುಡುಕುವಾಗ ನಮಗೆ ಬುದ್ಧಿ ಬಂದಿತ್ತು. ಹನ್ನೊಂದು ಗಂಟೆಗೆ ಒಂದು ಕಡೆಯೂ ಹೋಗಲಿಲ್ಲ. ಸಂಜೆ ಏಳಕ್ಕೆ, ಭಾನುವಾರ ಮಧ್ಯಾಹ್ನ, ಮ್ಯಾನೇಜರು ಇಲ್ಲದಾಗ ಹೋದೆವು. ಹೋದ ಕೂಡಲೇ ಖಾಲಿ ಹಾಸಿಗೆಯ ಮೇಲೆ ನಾನು ಮಲಗಿಬಿಡುತ್ತಿದ್ದೆ. ಮೊದಮೊದಲು ಹೆಂಡತಿಗೆ ನಾಚಿಕೆ. ಆದರೆ ಮಲಗಿ ನೋಡಿದರೆ ಕಾಣುವ ಲೋಕವೇ ಬೇರೆ. ಕರೆಗಂಟೆಯ ಸ್ವಿಚ್ಚು ಕೈಗೆ ಎಟುಕುತ್ತದೆಯೆ? ಒಂದು ಕಡೆ ಅದರ ತಂತಿಯನ್ನು ಸುತ್ತಿ ಮೇಲಿನ ಮೊಳೆಗೆ ಸಿಕ್ಕಿಸಿದ್ದರು, ಅಜ್ಜಿಯರು ಸುಮ್ಮನೆ ಒತ್ತುತ್ತಾರಂತೆ! ನೀರಿನ ಲೋಟ ಎಷ್ಟು ದೂರ? ದೀಪ ಕಣ್ಣಿಗೆ ಚುಚ್ಚುತ್ತದೆಯೆ? ಆಮೇಲೆ ಎದ್ದು ಅಕ್ಕಪಕ್ಕದವರ ಉಗುರು ನೋಡುತ್ತಿದ್ದೆವು, ಕನ್ನಡಕ ಒರೆಸಿದೆಯೇ ನೋಡುತ್ತಿದ್ದೆವು. ವಾಸನೆಯಿಂದ ತಿಳಿಯುತ್ತದೆ ಎನ್ನುವವರ ಮಾತು ಅರ್ಧ ನಿಜ. ಮೂತ್ರದ ವಾಸನೆಗಿಂತ ಗಾಢವಾದ ಫಿನಾಯಿಲು ಇನ್ನೂ ಹೆಚ್ಚು ಸಂಶಯದ್ದು.

ತಿಂಗಳ ತೂಕದ ರಿಜಿಸ್ಟರು ತೋರಿಸಿ ಎಂದು ಕೇಳುತ್ತಿದ್ದೆವು. ಊಟದ ಪಟ್ಟಿಯಲ್ಲಿ ಪನೀರು ಬರೆದಿದ್ದರೇನು, ತೂಕ ಇಳಿದಿದ್ದರೆ ಉಂಡಿಲ್ಲವೆಂದೇ ಅರ್ಥ. ಹೋದ ತಿಂಗಳು ಎಷ್ಟು ಜನ ಬಿದ್ದರು ಎಂದು ಕೇಳಿದೆವು. ಒಬ್ಬರೂ ಇಲ್ಲ ಎಂದ ಕಡೆ ನಿಲ್ಲಲಿಲ್ಲ. ನಲವತ್ತು ಮುದುಕರಿರುವಲ್ಲಿ ಯಾರೂ ಬೀಳುವುದಿಲ್ಲವೆಂದರೆ ಎಲ್ಲರನ್ನೂ ಹಾಸಿಗೆಯಲ್ಲೇ ಇಟ್ಟಿದ್ದಾರೆ, ಇಲ್ಲವೆ ಬಿದ್ದದ್ದನ್ನು ಬರೆಯುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ ಮೌಶಿಯರನ್ನು ಮಾತಾಡಿಸಿದೆವು: ಇಲ್ಲಿ ಎಷ್ಟು ವರ್ಷವಾಯಿತು, ರಾತ್ರಿ ಎಷ್ಟು ಜನಕ್ಕೆ ಒಬ್ಬಳು, ಸಂಬಳ ಹೊತ್ತಿಗೆ ಸರಿಯಾಗಿ ಬರುತ್ತದೆಯೆ? ಮೂರು ತಿಂಗಳಿಗೊಮ್ಮೆ ಮೌಶಿ ಬದಲಾಗುವ ಮನೆಯಲ್ಲಿ ಯಾವ ಅಜ್ಜಿಯ ಅಭ್ಯಾಸ ಯಾರಿಗೆ ತಿಳಿದೀತು? ಅಮೆರಿಕೆಯ ಡಾಕ್ಟರ್ ಸಿಡ್ನಿ ಕ್ಯಾಟ್ಜ್ 1963ರಲ್ಲಿ ಆರು ದಿನಗೆಲಸಗಳ ಅಳತೆಯೊಂದನ್ನು ಕೊಟ್ಟರು: ಸ್ನಾನ, ಉಡುಪು, ಶೌಚ, ಏಳುವುದು-ಕೂರುವುದು, ಹಿಡಿತ, ಊಟ. ಸೇರಿಸುವ ದಿನ ನಿಮ್ಮವರು ಇವುಗಳಲ್ಲಿ ಎಷ್ಟನ್ನು ತಾವೇ ಮಾಡುತ್ತಾರೆಂದು ಬರೆದಿಡಿ, ಮೂರು ತಿಂಗಳ ಮೇಲೆ ಮತ್ತೆ ಬರೆಯಿರಿ. ನಾವು ಬರೆದಿಟ್ಟಿದ್ದರೆ ಶೌಚದ ಮುಂದೆ ಕಾಟು ಬಿದ್ದ ದಿನವೇ ಏಕೆ ಎಂದು ಕೇಳುತ್ತಿದ್ದೆವು.

ಈಗಿನ ಮನೆ ಊರ ಹೊರಗಿದೆ, ಹಳೆಯದು. ಮೀನೂ ಇಲ್ಲ, ಅಮೃತಶಿಲೆಯೂ ಇಲ್ಲ, ಸಾರು ಸಪ್ಪೆ. ಹುಣ್ಣು ಮಾಯಲು ಎರಡು ತಿಂಗಳು ಹಿಡಿಯಿತು. ರಾತ್ರಿಪಾಳಿಯ ಮೌಶಿ ಕಲಬುರಗಿಯ ಕಡೆಯವಳು. “ಯಾಕ್ ಬೇ ಯವ್ವಾ, ಒಂದಕ್ಕ ಹೋಗ್ತಿಯೇನು?” ಎನ್ನುತ್ತಾಳೆ. ನಮ್ಮ ಮಲೆನಾಡಿನ ಕಿವಿಗೆ ಆ ‘ಬೇ’ ಸ್ವಲ್ಪ ಒರಟು. ಚಿಕ್ಕಮ್ಮ ಅದನ್ನು ಕೇಳಿದ ಮೊದಲ ರಾತ್ರಿ ಅವಳ ಕೈ ಹಿಡಿದುಕೊಂಡು ಬಿಡಲೇ ಇಲ್ಲವಂತೆ. ಡೈಪರು ಈಗ ರಾತ್ರಿಗೆ ಮಾತ್ರ.

ಹಗಲಿನ ಮೌಶಿಯರಿಗೆ ಕನ್ನಡ ಬಾರದು. ಅವರಿಗಾಗಿ ಹೆಂಡತಿ ಹನ್ನೆರಡು ಮಾತುಗಳನ್ನು ದೇವನಾಗರಿಯಲ್ಲಿ ದಪ್ಪಕ್ಷರದಲ್ಲಿ ಬರೆದು, ಎದುರಿಗೆ ಮರಾಠಿಯ ಅರ್ಥ ಹಾಕಿ, ಮಂಚದ ತಲೆಯ ಬಳಿ ಅಂಟಿಸಿದ್ದಾಳೆ: ಒಂದಕ್ಕೆ, ಎರಡಕ್ಕೆ, ನೀರು, ಹಸಿವು, ನೋವು, ಚಳಿ, ಸೆಕೆ, ಕೂರಿಸು, ಮಲಗಿಸು, ದೀಪ, ಸಾಕು, ಬೇಡ. ಅಂಟಿಸಿದ ದಿನ ಒಂದೊಂದನ್ನೂ ಚಿಕ್ಕಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದಳು. ಅವರು ಕಣ್ಣು ಮುಚ್ಚಿಕೊಂಡು ಕೇಳಿ, ಮುಗಿದ ಮೇಲೆ, “ಮಜ್ಜಿಗೆ ಎಲ್ಲೇ?” ಎಂದರು. ಅದನ್ನೂ ಹದಿಮೂರನೆಯದಾಗಿ ಸೇರಿಸಿದ್ದಾಯಿತು. ಚೀಟಿಯ ಪ್ರತಿಗಳನ್ನು ಸಂಘದ ವಾಚನಾಲಯದ ಮೇಜಿನ ಮೇಲೆ ಇಟ್ಟಿದ್ದೇನೆ. ಬೇಕಾದವರು ಒಯ್ಯಬಹುದು, ತಮ್ಮ ಮನೆಯ ಮಾತನ್ನು ಕೆಳಗೆ ಸೇರಿಸಿಕೊಳ್ಳಲು ಜಾಗ ಬಿಟ್ಟಿದೆ.